ಬಣ್ಣ ಕಾಣದ ಕಣ್ಣು

ಅಮೆರಿಕದ ಕೆಲವು ಶಾಲಾ ನಾಟಕದ ಮೇಷ್ಟ್ರುಗಳಿಗೆ ವಿಚಿತ್ರವಾದ ಒಂದು ಕಣ್ಣಿನ ಕಾಯಿಲೆ ಇದೆ. ಕಪ್ಪು ಹುಡುಗಿಯ ಪಾತ್ರಕ್ಕೆ ಬಿಳಿ ಹುಡುಗಿಯನ್ನು ಆರಿಸುವಾಗ ಬಣ್ಣವೇ ಕಾಣುವುದಿಲ್ಲ. 'ಕಲೆಗೆ ಎಲ್ಲಿಯ ಬಣ್ಣ?' ಅನ್ನುತ್ತಾರೆ. ಅದೇ ಕಪ್ಪು ಹುಡುಗಿ ಬಂದು ರಾಜಕುಮಾರಿಯ ಪಾತ್ರ ಕೇಳಲಿ, ದೃಷ್ಟಿ ತಟ್ಟನೆ ಮರಳುತ್ತದೆ. 'ಚೆನ್ನಾಗಿ ಹಾಡ್ತೀಯಮ್ಮ, ಆದ್ರೆ ನೋಡೋರಿಗೆ ಸ್ವಲ್ಪ...' ಅಂತ ಮಾತು ನುಂಗಿ, ಪರದೆ ಎಳೆಯುವ ಕೆಲಸ ಕೊಡುತ್ತಾರೆ.

'ಹೇರ್‌ಸ್ಪ್ರೇ' ಅಂತ ಒಂದು ಸಂಗೀತ ನಾಟಕವಿದೆ. ನ್ಯೂಯಾರ್ಕ್‌ನ ಹೆಸರಾಂತ ನಾಟಕ ಬೀದಿ ಬ್ರಾಡ್‌ವೇಗೆ ಬಂದಿದ್ದು 2002ರಲ್ಲಿ. ಕಥೆ 1962ರ ಬಾಲ್ಟಿಮೋರ್ ಅನ್ನೋ ಅಮೆರಿಕದ ಊರಿನದು. ಟಿವಿಯ ಡಾನ್ಸ್ ಕಾರ್ಯಕ್ರಮದಲ್ಲಿ ಕಪ್ಪು ಮಕ್ಕಳಿಗೆ ತಿಂಗಳಿಗೆ ಒಂದೇ ದಿನ ಜಾಗ. ಎಲ್ಲರೂ ಒಟ್ಟಿಗೆ ಕುಣಿಯಬೇಕು ಅಂತ ಹೋರಾಟ. ಇದನ್ನು ಬರೀ ಬಿಳಿಯರನ್ನೇ ಇಟ್ಟುಕೊಂಡು ಆಡಿದ ತಂಡಗಳಿದ್ದವು! ಕಥೆಯ ಖಳರಾದರೂ ಒಂದು ದಿನ ಬಿಟ್ಟುಕೊಟ್ಟಿದ್ದರು. ಇವರು ಅದನ್ನೂ ತೆಗೆದರು.

ಅಂಥ ಒಂದು ರಿಹರ್ಸಲ್ ಊಹಿಸಿಕೊಳ್ಳಿ. 'ಎಡಗಡೆಯವರು ಕಪ್ಪು, ಬಲಗಡೆಯವರು ಬಿಳಿ. ಮರೀಬೇಡಿ' ಅಂತಾರೆ ಮೇಷ್ಟ್ರು. ನೀರು ಕುಡಿದು ಬಂದ ಹುಡುಗನೊಬ್ಬ ನಡುವೆ ನಿಂತು ಕೇಳುತ್ತಾನೆ, 'ಸರ್, ನಾನೀಗ ಯಾರು?' ಕೊನೆಗೆ ಎಡಗಡೆಯವರೂ ಬಲಗಡೆಯವರೂ ಸೇರಿ ಕುಣಿಯುತ್ತಾರೆ. ಯಾರ ಜೊತೆ ಯಾರು ಒಂದಾದರು ಅನ್ನೋದು ದೇವರಿಗೇ ಗೊತ್ತು.

ಬಿಳಿ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸೋದು 1830ರ ದಶಕದಲ್ಲಿ ಅಲ್ಲಿ ಭಾರೀ ಜನಪ್ರಿಯವಾಗಿತ್ತು. ಈಗ ಅದು ನಾಚಿಕೆಗೇಡು. ಹಾಗಾಗಿ ಮಸಿ ಬಿಟ್ಟರು. ಪಾತ್ರ ಬಿಡಲಿಲ್ಲ.

'ಹೇರ್‌ಸ್ಪ್ರೇ' ಬರೆದವರೂ ಮೊದಲು ಬಿಳಿಯರು ಕಪ್ಪು ಪಾತ್ರ ಆಡೋದಕ್ಕೆ ಒಪ್ಪಿದ್ದರು ಅನ್ನಿ. ಬಣ್ಣ ಹೊಂದದಿದ್ದರೆ ಸುಮ್ನೆ ನಂಬಿಕೊಂಡು ನೋಡಿ ಅಂತ ಪ್ರೇಕ್ಷಕರಿಗೆ ಒಂದು ಪತ್ರವನ್ನೇ ಬರೆದುಕೊಟ್ಟಿದ್ದರು. 2020ರಲ್ಲಿ ನಿಯಮ ಬದಲಾಯಿತು. ಪಾತ್ರ ಹೇಗೆ ಬರೆದಿದೆಯೋ ಹಾಗೇ ನಟರನ್ನು ಆರಿಸಬೇಕು. ಅದಕ್ಕೂ ಮೊದಲು, 2015ರಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದ ಒಂದು ವಿಶ್ವವಿದ್ಯಾಲಯ ಬೇರೊಂದು ನಾಟಕದಲ್ಲಿ ಭಾರತೀಯರ ಪಾತ್ರಗಳಿಗೆ ಬಿಳಿ ವಿದ್ಯಾರ್ಥಿಗಳನ್ನು ಹಾಕಿದಾಗ, ಆ ನಾಟಕ ಬರೆದವರು ಅದನ್ನು ಆಡುವ ಅನುಮತಿಯನ್ನೇ ವಾಪಸ್ ಪಡೆದಿದ್ದರು.

ಮೇಷ್ಟ್ರುಗಳಿಗೆ ಈಗ ಜಾಸ್ತಿ ಸಂಕಟ. 'ನಮ್ಮ ಶಾಲೆಯಲ್ಲಿ ಕಪ್ಪು ಮಕ್ಕಳೇ ಇಲ್ಲ, ಏನು ಮಾಡೋದು?' ಅಂತ ಗೋಳಾಡುತ್ತಾರೆ. ನಿಜವಾಗಿಯೂ ಇಲ್ಲದಿದ್ದರೆ ಬೇರೆ ನಾಟಕ ಆಡಿ, ಯಾರು ಬೇಡ ಅಂದರು? ಆದರೆ ಸ್ವಾಮಿ, ಅಲ್ಲಿ ಹಗ್ಗ ಹಿಡಿದು ಪರದೆ ಎಳೀತಾ ನಿಂತಿದ್ದಾಳಲ್ಲ, ಆ ಹುಡುಗಿ ಯಾರು?