ಹಣೆಬರಹ ಇಲ್ಲದ ವೀರನಿಗೆ ಸರ್ಕಾರದ ಜಾಮೀನು

ಬಳ್ಳಾರಿಯಲ್ಲಿ ಒಗ್ಗರಣೆ-ಮಿರ್ಚಿ ತಿನ್ನುವ ಜಾಗದಲ್ಲೆಲ್ಲ ಒಬ್ಬರಾದರೂ ಇರುತ್ತಾರೆ. ಬರುತ್ತೇವೆ ಅಂದ ಕಾರ್ಖಾನೆ ಬರಲಿಲ್ಲ ಅಂತ ಯಾರಾದರೂ ಗೊಣಗಿದರೆ ಸಾಕು, "ಅಮೆರಿಕದಾಗ ಹಿಂಗೆಲ್ಲ ನಡೆಯಂಗಿಲ್ಲಪ್ಪ" ಅಂತ ಶುರು ಮಾಡುತ್ತಾರೆ. ಇಂಥವರ ಬಾಯಿ ಮುಚ್ಚಿಸಲೆಂದೇ 38 ಸ್ಟುಡಿಯೋಸ್ ಎಂಬ ಗೇಮ್ ಕಂಪನಿ ಹುಟ್ಟಿ, ಮುಳುಗಿ, ನಮಗೆ ದೊಡ್ಡ ಉಪಕಾರ ಮಾಡಿದೆ.

ಕರ್ಟ್ ಶಿಲ್ಲಿಂಗ್ ಅಂತ ಒಬ್ಬ ಬೇಸ್‌ಬಾಲ್ ಆಟಗಾರರು. ಬೋಸ್ಟನ್ ರೆಡ್ ಸಾಕ್ಸ್ ತಂಡ 86 ವರ್ಷ ಕಾದು 2004ರಲ್ಲಿ ವರ್ಲ್ಡ್ ಸೀರೀಸ್ ಎಂಬ ಅಮೆರಿಕದ ಬೇಸ್‌ಬಾಲ್ ಪಟ್ಟ ಗೆದ್ದಾಗ ಚೆಂಡು ಎಸೆದವರಲ್ಲಿ ಪ್ರಮುಖರು. ಬಿಡುವು ಸಿಕ್ಕಾಗ ಕಂಪ್ಯೂಟರ್ ಗೇಮ್ ಆಡುತ್ತಿದ್ದರು. ನಾವೂ ಆಡುತ್ತೇವೆ, ಮನೆಯಲ್ಲಿ ಬೈಸಿಕೊಂಡು ಸುಮ್ನಾಗುತ್ತೇವೆ. ಅವರು ಸುಮ್ನಾಗಲಿಲ್ಲ. 2006ರಲ್ಲಿ ಕಂಪನಿಯನ್ನೇ ತೆರೆದರು. ಆಮೇಲೆ ಅದಕ್ಕೆ ತಮ್ಮ ಜೆರ್ಸಿ ನಂಬರನ್ನೇ ಹೆಸರಿಟ್ಟರು.

ಗುರಿ ದೊಡ್ಡದಿತ್ತು. ಸಾವಿರಾರು ಜನ ಆನ್‌ಲೈನಿನಲ್ಲಿ ಒಟ್ಟಿಗೆ ಆಡುವ ಒಂದು ಇಡೀ ಲೋಕ. ಕೋಪರ್ನಿಕಸ್ ಅಂತ ಗುಟ್ಟಿನ ಹೆಸರು. ಕಾದಂಬರಿಕಾರ ಆರ್. ಎ. ಸಾಲ್ವಟೋರ್ ಅವರನ್ನು ಕರೆಸಿ ಆ ಇಲ್ಲದ ಲೋಕಕ್ಕೆ 10,000 ವರ್ಷಗಳ ಇತಿಹಾಸ ಕಟ್ಟಿಸಿದರು. ನಮ್ಮ ಕುಡತಿನಿಯ ಬೂದಿದಿಬ್ಬ ನವಶಿಲಾಯುಗದ್ದು, ಕಣ್ಣಿಗೆ ಕಾಣುವಂಥದ್ದು. ಅದಕ್ಕೆ ಯಾರೂ ಇಷ್ಟು ತಲೆ ಕೆಡಿಸಿಕೊಂಡಿಲ್ಲ ಬಿಡಿ.

ಇತಿಹಾಸ ಸಿದ್ಧವಾಯಿತು, ದುಡ್ಡು ಖಾಲಿಯಾಗುತ್ತಾ ಬಂತು. ಆಗ ಕಂಪನಿ ಇದ್ದ ಮ್ಯಾಸಚೂಸೆಟ್ಸಿನ ಪಕ್ಕದ ರೋಡ್ ಐಲೆಂಡ್ ರಾಜ್ಯ ಕೈ ಬೀಸಿ ಕರೆಯಿತು. ಅಮೆರಿಕದ ಅತಿ ಚಿಕ್ಕ ರಾಜ್ಯ ಅದು. 2010ರ ಜನಗಣತಿಯಲ್ಲಿ ಅಲ್ಲಿದ್ದವರು ಹತ್ತೂವರೆ ಲಕ್ಷ ಜನ. ವಿಜಯನಗರ ಬೇರೆಯಾದ ಮೇಲೆ ಉಳಿದ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ನಿರುದ್ಯೋಗ ಶೇ. 11 ದಾಟಿತ್ತು. ಗವರ್ನರ್ ಡೊನಾಲ್ಡ್ ಕಾರ್ಸಿಯರಿ ಅವರಿಗೆ ಏನಾದರೂ ತೋರಿಸಬೇಕಿತ್ತು. ಸಾಲಕ್ಕೆ ಖಾತರಿ ಕೊಡುವ 12.5 ಕೋಟಿ ಡಾಲರಿನ ಯೋಜನೆ ಬಂತು. ಅದರಲ್ಲಿ 7.5 ಕೋಟಿ ಡಾಲರ್ ಈ ಒಂದೇ ಕಂಪನಿಗೆ, ಸರ್ಕಾರಿ ಏಜೆನ್ಸಿ ಬಾಂಡ್ ಎಂಬ ಸಾಲಪತ್ರ ಮಾರಿ ಎತ್ತಿದ ದುಡ್ಡು. ಅಂದಿನ ಲೆಕ್ಕದಲ್ಲಿ ಸುಮಾರು 350 ಕೋಟಿ ರೂಪಾಯಿ. ಅಲ್ಲಿಯವರೆಗೆ ಕಂಪನಿ ಒಂದೇ ಒಂದು ಗೇಮ್ ಬಿಡುಗಡೆ ಮಾಡಿರಲಿಲ್ಲ.

ನಮ್ಮ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವರು ಇನ್ನೊಂದು ಮಷಿನ್ನಿಗೆ ಸಾಲ ಕೇಳಿ ನೋಡಲಿ. ಪಹಣಿ ತನ್ನಿ, ಇಬ್ಬರು ಜಾಮೀನುದಾರರನ್ನು ತನ್ನಿ, ಮೂರು ವರ್ಷದ ರಿಟರ್ನ್ಸ್ ತನ್ನಿ. ಹೊಲಿದ ಪ್ಯಾಂಟ್ ಮೈಮೇಲೇ ಇದ್ದರೂ ನಂಬುವುದಿಲ್ಲ. ಶಿಲ್ಲಿಂಗ್ ಸಾಹೇಬರು ತಂದದ್ದು ಒಂದು ಭರವಸೆ: 2012ರ ಕೊನೆಗೆ 450 ಕೆಲಸ. ಅಂದರೆ ಒಂದು ಕುರ್ಚಿಗೆ ಸುಮಾರು 1.67 ಲಕ್ಷ ಡಾಲರ್. ಇನ್ನೊಂದು ಮಜಾ ಏನೆಂದರೆ, "ಸರ್ಕಾರ ಚಿಕ್ಕದಾಗಿರಬೇಕು" ಎಂದು ರಾಜಕೀಯ ಮಾತಾಡುತ್ತಿದ್ದವರು ಇದೇ ಸಾಹೇಬರು. ಹಾಗೆ ನೋಡಿದರೆ ಅವರು ಆರಿಸಿಕೊಂಡ ರಾಜ್ಯ ಚಿಕ್ಕದೇ ಇತ್ತು.

ಈ ಡೀಲ್ ಬೇಡ ಅಂತ ಬೊಬ್ಬೆ ಹೊಡೆದ ಲಿಂಕನ್ ಚೇಫಿ ಅದೇ ವರ್ಷ ಗವರ್ನರ್ ಚುನಾವಣೆ ಗೆದ್ದರು. ಬಹುಮಾನವಾಗಿ ಅದೇ ಡೀಲ್ ಅವರ ಮಡಿಲಿಗೆ ಬಿತ್ತು.

2012ರ ಫೆಬ್ರವರಿಯಲ್ಲಿ ಕೊನೆಗೂ ಒಂದು ಗೇಮ್ ಬಂತು, ಕಿಂಗ್‌ಡಮ್ಸ್ ಆಫ್ ಅಮಲೂರ್. ಅದನ್ನು ಹೆಚ್ಚಿನ ಪಾಲು ಮಾಡಿದ್ದು ಕಂಪನಿ ಮೊದಲೇ ಕೊಂಡಿದ್ದ ಇನ್ನೊಂದು ಸ್ಟುಡಿಯೋ. ಅದು ಇದ್ದದ್ದು ಮೇರಿಲ್ಯಾಂಡ್ ಎಂಬ ಬೇರೆ ರಾಜ್ಯದಲ್ಲಿ! ರೋಡ್ ಐಲೆಂಡಿನ ಜನ ಜಾಮೀನು ನಿಂತ ಕೋಪರ್ನಿಕಸ್ ಹೊರಗೆ ಬರಲೇ ಇಲ್ಲ. ಆಟ ಕೆಟ್ಟದಿರಲಿಲ್ಲ, ನ್ಯಾಯವಾಗಿ ಹೇಳಬೇಕು. ಅಮಲೂರಿನಲ್ಲಿ ಎಲ್ಲರ ಹಣೆಬರಹವೂ ಮೊದಲೇ ಬರೆದಿರುತ್ತದೆ. ಸತ್ತು ಎದ್ದು ಬಂದ ನಾಯಕನೊಬ್ಬನಿಗೆ ಮಾತ್ರ ಹಣೆಬರಹ ಇಲ್ಲ. ಕಂಪನಿಯ ಹಣೆಬರಹ ಮಾತ್ರ ಎಲ್ಲರಿಗೂ ಓದಲು ಬರುತ್ತಿತ್ತು, ಸಹಿ ಹಾಕಿದವರನ್ನು ಬಿಟ್ಟು.

ಮೇ 1ಕ್ಕೆ ಸರ್ಕಾರಕ್ಕೆ ಕಟ್ಟಬೇಕಿದ್ದ 11.25 ಲಕ್ಷ ಡಾಲರ್ ಕಟ್ಟಲಿಲ್ಲ. ಮೇ ಮಧ್ಯದಲ್ಲಿ ಸಂಬಳ ನಿಂತಿತು. ಆಮೇಲೆ ಸರ್ಕಾರದ ಬಾಕಿ ಕಟ್ಟಲು ಕಂಪನಿಯವರು ಚೆಕ್ ಹಿಡಿದುಕೊಂಡು ಬಂದರು. ಕೊಟ್ಟ ಮೇಲೆ, ಖಾತೆಯಲ್ಲಿ ಅಷ್ಟು ದುಡ್ಡಿಲ್ಲ ಅಂತ ತಾವೇ ತಿಳಿಸಿದರು. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಹೀಗೆ ಮಾಡಿದ್ದರೆ ಏನಾಗುತ್ತಿತ್ತು ಅಂತ ನಾನು ಬರೆಯುವುದಿಲ್ಲ. ಮರುದಿನ ಹೇಗೋ ಹೊಂದಿಸಿ ಕಟ್ಟಿದರು. ಮೇ 24ರಂದು ಎಲ್ಲ ಉದ್ಯೋಗಿಗಳಿಗೂ ಇಮೇಲ್ ಹೋಯಿತು, ಕೆಲಸ ಇಲ್ಲ ಅಂತ. ಸಂಬಳವೂ ಇಲ್ಲ, ವಿಮೆಯೂ ಇಲ್ಲ. ಊರು ಬಿಟ್ಟು ಬಂದ ಕೆಲವರ ಹಳೇ ಮನೆ ಮಾರಿಸುವ ಹೊಣೆ ಕಂಪನಿಯದಿತ್ತು. ಮನೆ ಮಾರಾಟವೇ ಆಗಿಲ್ಲ, ಸಾಲದ ಕಂತು ಇನ್ನೂ ತಮ್ಮ ತಲೆ ಮೇಲಿದೆ ಅಂತ ಅವರಿಗೆ ಆಗ ಗೊತ್ತಾಯಿತು. ಜೂನ್ 7ಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಸಾಲ 15 ಕೋಟಿ ಡಾಲರ್, ಆಸ್ತಿ ಎರಡು ಕೋಟಿ ಚಿಲ್ಲರೆ.

ನಮ್ಮ ಕಡೆ ಇಷ್ಟು ರಗಳೆ ಇಲ್ಲ. ಅದೇ 2010ರ ಆಸುಪಾಸಿನಲ್ಲಿ ಕುಡತಿನಿ ಸುತ್ತ ಸಾವಿರಾರು ಎಕರೆ ಉಕ್ಕಿನ ಕಾರ್ಖಾನೆಗಳಿಗೆ ಅಂತ ಹೋಯಿತು. ಕಾರ್ಖಾನೆ ಏಳಲಿಲ್ಲ. ಬೆಲೆ ಕಡಿಮೆ ಕೊಟ್ಟಿರಿ, ಕೆಲಸವೂ ಇಲ್ಲ ಅಂತ 2022ರ ಡಿಸೆಂಬರಿನಲ್ಲಿ ರೈತರು ಧರಣಿ ಕೂತರು. ಶುರುವೇ ಆಗದ ಕಂಪನಿ ದಿವಾಳಿ ಆಗುವುದಾದರೂ ಹೇಗೆ? ಈ ವಿಷಯದಲ್ಲಿ ನಾವು ಅಮೆರಿಕಕ್ಕಿಂತ ಒಂದು ಹೆಜ್ಜೆ ಮುಂದೆ.

ಅಲ್ಲಿ ತನಿಖೆಯೂ ನಡೆಯಿತು. ಕೋಪರ್ನಿಕಸ್ ಗೇಮಿಗೆ ಕಡಿಮೆ ಅಂದರೂ 7.5 ಕೋಟಿ ಡಾಲರ್ ಬೇಕಿತ್ತಂತೆ. ಖರ್ಚು, ಮೀಸಲು ಎಲ್ಲ ಕಳೆದು ಕೈಗೆ ಬರುವುದು 5 ಕೋಟಿ ಮಾತ್ರ ಎನ್ನುವುದೂ ಮೊದಲೇ ಗೊತ್ತಿತ್ತು. ಬಾಂಡ್ ಕೊಂಡವರಿಗೆ ಮಾತ್ರ ಇದನ್ನು ಹೇಳಿರಲಿಲ್ಲ. ಕ್ರಿಮಿನಲ್ ತನಿಖೆ 2016ರಲ್ಲಿ ಯಾರ ಮೇಲೂ ಕೇಸಿಲ್ಲದೆ ಮುಗಿಯಿತು. ಬಾಂಡ್ ವಿಷಯ ಮುಚ್ಚಿಟ್ಟದ್ದಕ್ಕೆ ಸರ್ಕಾರಿ ಏಜೆನ್ಸಿ ಕೊನೆಗೆ ದಂಡ ಕಟ್ಟಿತು, 50,000 ಡಾಲರ್.

2004ರ ಆ ವರ್ಲ್ಡ್ ಸೀರೀಸಿನಲ್ಲಿ ಶಿಲ್ಲಿಂಗ್ ಗಾಯದ ಕಾಲಿನಲ್ಲೇ ಆಡಿದಾಗ ರಕ್ತ ಮೆತ್ತಿಕೊಂಡಿದ್ದ ಕಾಲುಚೀಲ ಒಂದಿತ್ತು. ಬ್ಯಾಂಕಿನ ಸಾಲಕ್ಕೆ ಅದನ್ನೂ ಅಡ ಇಟ್ಟಿದ್ದರು. 2013ರಲ್ಲಿ ಹರಾಜಿಗೆ ಬಂತು. 92,613 ಡಾಲರಿಗೆ ಹೋಯಿತು, ಒಂದೇ ಕಾಲಿನದು.