ಮೇಯರಮ್ಮನ ಕಾಲು

ಹೋದ ವಾರ ಕಾಲು ಉಳುಕಿತು. ಸಾಹಸ ಏನೂ ಮಾಡಿರಲಿಲ್ಲ, ಕೊತ್ತಂಬರಿ ಸೊಪ್ಪು ತರೋಣ ಅಂತ ಹೊರಟೆ, ಗೇಟಿಂದಾಚೆ ನಾಲ್ಕನೇ ಚಪ್ಪಡಿ ಮೇಲೆ ಕಾಲಿಟ್ಟೆ, ಅದು ಎದ್ದು ನಿಂತ್ಕೊಳ್ತು, ನಾನು ಕೂತ್ಕೊಂಡೆ. ಆ ಚಪ್ಪಡಿ ಅಲ್ಲಾಡೋದು ಬೀದಿಗೆಲ್ಲ ಗೊತ್ತು, ರಾತ್ರಿ ಯಾರಾದ್ರೂ ಬಂದ್ರೆ ಅದರ ಡಬಕ್ ಸದ್ದಿಗೇ ನಾಯಿಗಳು ಏಳೋದು. ಯಾರಿಗೆ ಹೇಳ್ಬೇಕೋ ಅವರಿಗೆ ಮೂರು ಸಲ ಹೇಳಿಯೂ ಆಗಿದೆ. ಯಾರು ಅಂತ ಕೇಳ್ಬೇಡಿ, ಸಂಜೆ ಹೊತ್ತಲ್ಲಿ ಕೆಲವು ಹೆಸರು ಎತ್ತಬಾರದು.

ಅವತ್ತೇ ರಾತ್ರಿ ಕೆನಡಾದ ಮಿಸಿಸಾಗಾದಿಂದ ಅಣ್ಣನ ಮಗಳ ವೀಡಿಯೋ ಕಾಲ್. ಊದಿದ ಕಾಲನ್ನ ಕ್ಯಾಮೆರಾಕ್ಕೆ ಹಿಡಿದೆ. ಅಯ್ಯೋ ಪಾಪ ಅಂತಾಳೆ ಅಂದ್ಕೊಂಡ್ರೆ, "ಅತ್ತೆ, ನಮ್ಮೂರ ಮೇಯರಜ್ಜಿಗೂ ಹಿಂಗೇ ಉಳುಕಿತ್ತಂತೆ, ಅವರು ಕುಂಟ್ಕೊಂಡೇ ಇಡೀ ಊರು ಖಾಲಿ ಮಾಡಿಸಿದ್ರಂತೆ" ಅಂದ್ಲು. ಹುಷಾರಿಲ್ಲದವರನ್ನ ವಿಚಾರಿಸೋ ಕ್ರಮನಾ ಇದು? ನಾನು ಕೊತ್ತಂಬರಿ ಸೊಪ್ಪಿಗೆ ಹೋಗಿದ್ದೆ, ಊರು ಖಾಲಿ ಮಾಡ್ಸೋಕಲ್ಲ.

ಆದ್ರೂ ಕಾಲು ಮೇಲೆತ್ತಿಟ್ಟು ಮಲಗಿದವಳಿಗೆ ಬೇರೇನು ಕೆಲಸ, ಎರಡು ದಿನ ಆ ಅಜ್ಜಿ ಬಗ್ಗೆನೇ ಓದಿದೆ. ಹೇಜಲ್ ಮೆಕ್‌ಕ್ಯಾಲಿಯನ್. 1978ರಲ್ಲಿ ಗೆದ್ದು ಕುರ್ಚಿ ಮೇಲೆ ಕೂತೋರು 2014ಕ್ಕೆ ಎದ್ದಿದ್ದು, ಸತತ ಹನ್ನೆರಡು ಸಲ, ಎದ್ದಾಗ 93 ವಯಸ್ಸು. ಅದಕ್ಕೆ ಮುಂಚೆ ಪಕ್ಕದ ಸ್ಟ್ರೀಟ್ಸ್‌ವಿಲ್ ಅನ್ನೋ ಪುಟ್ಟ ಊರಿಗೂ ಮೇಯರ್ ಆಗಿದ್ರು, ಆ ಊರನ್ನ 1974ರಲ್ಲಿ ಮಿಸಿಸಾಗಾಕ್ಕೆ ಸೇರಿಸಬೇಡಿ ಅಂತ ಜಗಳ ಆಡಿದ್ರು, ಸೋತ್ರು, ಆಮೇಲೆ ನುಂಗಿದ ಊರಿಗೇ ಯಜಮಾನಿ ಆಗಿ ಕೂತ್ರು. ನಮ್ಮ ಕಡೆ ಸೊಸೆಯರು ಮಾಡೋದೂ ಇದೇ ಅಲ್ವಾ.

ಕಾಲು ಉಳುಕಿದ್ದು 1979ರಲ್ಲಿ, ಮೇಯರ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ನವೆಂಬರ್ 10ರ ರಾತ್ರಿ ಕೆಮಿಕಲ್ ತುಂಬ್ಕೊಂಡು ಬರ್ತಿದ್ದ ಒಂದು ಗೂಡ್ಸ್ ರೈಲು ಊರೊಳಗೇ ಹಳಿ ತಪ್ತು. ಕಾರಣ ಏನು ಗೊತ್ತಾ, ಒಂದು ಗಾಲಿಯ ಬೇರಿಂಗಿಗೆ ಸರಿಯಾಗಿ ಎಣ್ಣೆ ಇಲ್ಲದೆ ಕಾದು ಕೆಂಪಾಗಿ ಅಚ್ಚೇ ಮುರೀತು. ಗಾಡಿ ಹೂಡೋ ಮುಂಚೆ ಕೀಲೆಣ್ಣೆ ಹಾಕ್ಬೇಕು ಅಂತ ನಮ್ಮ ಹಳ್ಳೀಲಿ ಹತ್ತು ವರ್ಷದ ಹುಡುಗನಿಗೂ ಗೊತ್ತಿತ್ತು. ಪ್ರೊಪೇನ್ ಟ್ಯಾಂಕರ್‌ಗಳು ಸಿಡಿದವು, ಪಕ್ಕದಲ್ಲೇ ಕ್ಲೋರಿನ್ ಟ್ಯಾಂಕರ್ ತೂತಾಗಿ ಬಿದ್ದಿತ್ತು, ಎರಡು ಲಕ್ಷಕ್ಕೂ ಹೆಚ್ಚು ಜನರನ್ನ ಮನೆ ಬಿಡಿಸಿ ಸಾಗಿಸಿದ್ರು, ಒಬ್ಬರೂ ಸಾಯಲಿಲ್ಲ. ಆ ಓಡಾಟದಲ್ಲೇ ಅಮ್ಮನ ಕಾಲು ಉಳುಕಿದ್ದು. ಅದೇ ಕಾಲಲ್ಲಿ ಕುಂಟ್ಕೊಂಡು ಬಂದು ಪೇಪರ್‌ನೋರ ಮುಂದೆ ನಿಲ್ತಿದ್ರಂತೆ. ಅಲ್ಲಿಂದಾಚೆಗೆ ಅವರ ಕುರ್ಚಿ ಅಲ್ಲಾಡಿಸೋಕೆ ಯಾರಿಂದಲೂ ಆಗಲಿಲ್ಲ.

ಒಬ್ಬರನ್ನೇ 36 ವರ್ಷ ಯಾಕೆ ಆರಿಸ್ತಾ ಹೋಗ್ತಾರೆ ಜನ ಅನ್ನೋದಕ್ಕೆ ಮಲಗಿದ್ದಲ್ಲೇ ನನಗೊಂದು ಕಾರಣ ಹೊಳೆದಿದೆ, ಹೇಳ್ತೀನಿ. ಅದಕ್ಕೆ ಮುಂಚೆ ನಮ್ಮ ಅಜ್ಜಿ ಊರಿನ ಕಾಲು ಮಾವನ ವಿಷಯ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮರೆತುಹೋಗತ್ತೆ.

ತಾಯಿ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಉಳುಕಿದ ಜಾಗಕ್ಕೆ ಕಾಲು ತಾಕಿಸಿದ್ರೆ ಉಳುಕು ಹೋಗತ್ತೆ ಅಂತ ಒಂದು ನಂಬಿಕೆ ಇದೆಯಲ್ಲ, ಆ ಊರಲ್ಲಿ ಹಂಗೆ ಹುಟ್ಟಿದ್ದು ಈ ಮಾವ ಒಬ್ಬನೇ. ಹೆಸರೇನಿತ್ತೋ, ಎಲ್ಲರ ಬಾಯಲ್ಲೂ ಕಾಲು ಮಾವ. ಸೊಂಟ ಹಿಡ್ಕೊಂಡವರು, ಕತ್ತು ತಿರುಗದವರು, ಬಾವಿ ಕಟ್ಟೆ ಹತ್ರ ಜಾರಿದವರು, ಎಲ್ಲ ಬೆಳಿಗ್ಗೆ ಅವನ ಜಗಲಿ ಮುಂದೆ. ಅವನೋ, ಎದ್ದು ಮುಖ ತೊಳೆದು ಕಾಫಿ ಆಗೋವರೆಗೂ ಕಾಲು ಕೆಳಗಿಡ್ತಿರಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಬೋರಲು ಮಲಗಿಸಿ ಎಡಗಾಲಲ್ಲಿ ಮೂರು ಸಲ ನೀವೋದು, ನೀವೋವಾಗ ಏನೋ ಮಣಮಣ ಅನ್ನೋದು. ಮಂತ್ರ ಅಂತ ನಾವಂದ್ಕೊಂಡಿದ್ವಿ, ಹತ್ರ ಕೂತು ಕೇಳಿದ ನಮ್ಮಣ್ಣ ಹೇಳಿದ್ದು, ಅದು ಯಾರ್ಯಾರು ತನಗೆಷ್ಟು ಸಾಲ ಕೊಡ್ಬೇಕು ಅನ್ನೋ ಲೆಕ್ಕ ಅಂತ. ದುಡ್ಡು ಮುಟ್ತಿರಲಿಲ್ಲ ಮಾತ್ರ, ತೆಂಗಿನಕಾಯಿ, ಬೆಲ್ಲ, ಹಲಸಿನ ಕಾಲದಲ್ಲಿ ಹಲಸು. ಒಂದ್ಸಲ ನನ್ನ ಅಜ್ಜಿ "ಏನೋ ಇದು, ದೊಡ್ಡೋರ ಬೆನ್ನಿಗೆ ಕಾಲು ಹಾಕ್ತೀಯಲ್ಲೋ" ಅಂದದ್ದಕ್ಕೆ ಎರಡು ವರ್ಷ ನಮ್ಮ ಮನೆಯೋರಿಗೆ ಕಾಲು ಕೊಡಲಿಲ್ಲ. ಆ ಎರಡು ವರ್ಷ ನಾವು ಹುಣಸೆಹಣ್ಣು ಉಪ್ಪು ಕುದಿಸಿ ಪಟ್ಟು ಹಾಕ್ಕೊಂಡೇ ಕಳೆದ್ವಿ. ಕೊನೆಗೆ ಅಜ್ಜಿಗೇ ಸೊಂಟ ಹಿಡೀತು, ಹೋಗಿ ತಪ್ಪಾಯ್ತು ಅಂದ್ಲು.

ಅವನಿಗೆ ಪೈಪೋಟಿನೇ ಇರಲಿಲ್ಲ, ಹೆಂಗಿರತ್ತೆ, ಪೈಪೋಟಿ ಮಾಡ್ಬೇಕು ಅಂದ್ರೆ ಇನ್ನೊಂದ್ಸಲ ಹುಟ್ಟಬೇಕು. ಊರಲ್ಲಿ ಯಾರಾದ್ರೂ ಬಸುರಿ ಅಂದ್ರೆ ಸಾಕು ಮಾವ ಸ್ವಲ್ಪ ಗಂಭೀರ ಆಗ್ತಿದ್ದ, ಮಗು ಹುಟ್ಟಿದ ದಿನ ಸಕ್ಕರೆ ತಗೊಂಡು ಹೋಗಿ ಮೊದಲು ಕೇಳ್ತಿದ್ದಿದ್ದು ಗಂಡೋ ಹೆಣ್ಣೋ ಅಂತಲ್ಲ, "ತಲೆ ಮುಂದಾಗಿ ಬಂತು ತಾನೆ?" ಅಂತ. ಆಮೇಲಾಮೇಲೆ ಹೆರಿಗೆಗೆ ಪೇಟೆ ಆಸ್ಪತ್ರೆಗೆ ಹೋಗೋದು ಶುರುವಾಯ್ತು, ಅಲ್ಲಿ ಮಗು ಅಡ್ಡಾದಿಡ್ಡಿ ಇದ್ರೆ ಆಪರೇಷನ್ ಮಾಡಿ ತೆಗೀತಾರೆ, ಹಂಗಾಗಿ ಊರಿಗೆ ಎರಡನೇ ಕಾಲು ಬರಲೇ ಇಲ್ಲ. ಮಾವ ಸಾಯೋ ವರ್ಷದವರೆಗೂ ಡ್ಯೂಟಿ ಮಾಡಿದ. ಕೊನೆಕೊನೆಗೆ ಅವನಿಗೇ ನಿಲ್ಲೋಕಾಗ್ತಿರಲಿಲ್ಲ, ಇಬ್ಬರು ರಟ್ಟೆ ಹಿಡ್ಕೊಂಡು ಕಾಲೆತ್ತಿಸಿ ತಾಕಿಸ್ತಿದ್ರು. ಜನ ಬರೋದು ಬಿಡಲಿಲ್ಲ. ಗುಣ ಆಗ್ತಿತ್ತಾ ಅಂತ ಕೇಳಿದ್ರೆ, ಉಳುಕು ಹೆಂಗೂ ನಾಲ್ಕು ದಿನಕ್ಕೆ ಇಳಿಯತ್ತೆ, ಹೆಸರು ಮಾವನಿಗೆ.

ಹಾಂ, ಮೇಯರಮ್ಮ. ಅವರೂ ಕೊನೆಕೊನೆಗೆ ಪ್ರಚಾರನೇ ಮಾಡ್ತಿರಲಿಲ್ಲ. ನನಗೆ ದೇಣಿಗೆ ಕೊಡ್ಬೇಡಿ, ಬೇಕಿದ್ರೆ ಧರ್ಮಕ್ಕೆ ಕೊಡಿ ಅಂತಿದ್ರು. ಚಿಕ್ಕ ವಯಸ್ಸಲ್ಲಿ ಮಾಂಟ್ರಿಯಲ್‌ನಲ್ಲಿ ಮ್ಯಾಚಿಗೆ ಐದು ಡಾಲರ್ ತಗೊಂಡು ಐಸ್ ಮೇಲಿನ ಹಾಕಿ ಆಟ ಆಡಿದ ಹೆಂಗಸು, ಮಾತೂ ಆಟದ ಥರನೇ, ಎದುರಿಗೆ ಬಂದವರನ್ನ ಗೋಡೆಗೆ ಒತ್ತೋದೇ. ಅದಕ್ಕೇ ಹರಿಕೇನ್ ಹೇಜಲ್ ಅಂತ ಅಡ್ಡಹೆಸರು. ನಿಜವಾದ ಹರಿಕೇನ್ ಹೇಜಲ್ ಅನ್ನೋ ಚಂಡಮಾರುತ 1954ರಲ್ಲಿ ಆ ಕಡೆಗೆ ಬಂದು 81 ಜನರನ್ನ ತಗೊಂಡು ಹೋಗಿತ್ತು, ಅದರ ಹೆಸರು ಪ್ರೀತಿಯಿಂದ ಇಟ್ಟರಂತೆ, ನಮ್ಮ ಕಡೆ ಮಾರಿ ಅಂತ ಕರೆದ್ರೆ ಯಾರಾದ್ರೂ ಸುಮ್ನಿರ್ತಾರಾ.

ನನ್ನ ತಕರಾರು ಒಂದಿದೆ. ಅಣ್ಣನ ಮಗಳು "ನಮ್ಮೂರಿಗೆ ಸಾಲನೇ ಇರಲಿಲ್ಲ ಅತ್ತೆ" ಅಂತ ಬೀಗ್ತಾಳೆ. ಇರಲಿಲ್ಲ ನಿಜ, ಖಾಲಿ ಹೊಲ ಇದ್ದಷ್ಟು ದಿನ ಬಿಲ್ಡರುಗಳು ಮನೆ ಕಟ್ಟೋಕೆ ಕೊಟ್ಟ ಫೀಸಲ್ಲೇ ಪೈಪು ರೋಡು ಎಲ್ಲ ಆಯ್ತು, ಜಾಗ ಮುಗೀತಾ ಬಂದ ಹಾಗೆ ಸಾಲನೂ ಬಂತು. ಆ ಊರಿಗೆ ನಾನೊಂದ್ಸಲ ಹೋಗಿದ್ದೆ, ಎರಡು ತಿಂಗಳು ಇದ್ದೆ. ಎಲ್ಲ ಮನೆನೂ ಒಂದೇ ಅಚ್ಚಲ್ಲಿ ತೆಗೆದ ಇಡ್ಲಿ, ಅರ್ಧ ಲೀಟರ್ ಹಾಲಿಗೂ ಕಾರು ತೆಗೀಬೇಕು, ಫುಟ್‌ಪಾತ್ ಲಕಲಕ ಅಂತ ಇದೆ, ಅದರ ಮೇಲೆ ನಡೆಯೋ ನರಪಿಳ್ಳೆ ಇಲ್ಲ! ಒಬ್ಬಳೇ ವಾಕಿಂಗ್ ಹೊರಟ್ರೆ ಕಾರು ನಿಧಾನ ಮಾಡಿ, ದಾರಿ ತಪ್ಪಿದ್ದೀರಾ ಅಂತ ಕೇಳ್ತಾರೆ. ಇನ್ನು ಮಗನ ವಿಷಯ. ಸಿಟಿ ಹಾಲ್ ಹತ್ರ ಹೋಟೆಲ್ ಕಟ್ಟೋ ಮಗನ ಪ್ರಾಜೆಕ್ಟಿಗೆ ಈಯಮ್ಮ ಓಡಾಡಿದ್ದು ತಪ್ಪು, ಅದರಲ್ಲಿ ಹಿತಾಸಕ್ತಿ ಸಂಘರ್ಷ ಇತ್ತು ಅಂತ 2011ರಲ್ಲಿ ನ್ಯಾಯಾಂಗ ವಿಚಾರಣೆಯ ವರದಿ ಬಂತು. ಆ ವಿಚಾರಣೆ ನಡೀತಿರುವಾಗಲೇ 2010ರ ಚುನಾವಣೇಲಿ ಮುಕ್ಕಾಲು ಪಾಲು ವೋಟು ಇವರಿಗೇ. ಇದನ್ನ ಓದಿದಾಗ ನನಗೆ ಎಂಥದೋ ನೆಮ್ಮದಿ ಆಯ್ತು, ಅಬ್ಬಾ, ಅಲ್ಲೂ ಮಕ್ಕಳಿದ್ದಾರೆ.

ನಮ್ಮ ಬೆಂಗಳೂರಲ್ಲಿ 2020ರವರೆಗೂ ಮೇಯರ್ ಅಂದ್ರೆ ಒಂದೇ ವರ್ಷ. ಸೀರೆಗೋ ಸೂಟಿಗೋ ಆ ಗೌನು ಹೊಂದ್ಕೊಳ್ಳೋಷ್ಟರಲ್ಲಿ ಬಿಚ್ಚಿಡೋ ದಿನ ಬಂದಿರ್ತಿತ್ತು. ಪತ್ರಗಳಲ್ಲಿ ಮಾತ್ರ "ಪೂಜ್ಯ ಮಹಾಪೌರರು". 2020ರ ಸೆಪ್ಟೆಂಬರಲ್ಲಿ ಪಾಲಿಕೆಯ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಪೂಜ್ಯರೇ ಇಲ್ಲದೆ ಊರು ನಡೀತು. ಒಬ್ಬರೇ 36 ವರ್ಷ ಕೂತ್ರೆ ಒಳ್ಳೇದೋ, 36 ವರ್ಷದಲ್ಲಿ 36 ಜನ ಬಂದು ಹೋದ್ರೆ ಒಳ್ಳೇದೋ, ಬೈಯೋಕಂತೂ ಒಬ್ಬರೇ ಇದ್ರೆ ಅನುಕೂಲ, ಮೂತಿ ಗುರುತಿರತ್ತೆ. ನನ್ನ ಚಪ್ಪಡಿ ಯಾರ ಕಾಲದ್ದು ಅಂತ ಯಾರನ್ನ ಹಿಡಿದು ಕೇಳ್ಲಿ?

ಮೇಯರಮ್ಮ 2023ರ ಜನವರಿಯಲ್ಲಿ ಹೋದ್ರು, 102 ತುಂಬೋಕೆ ಎರಡೇ ವಾರ ಬಾಕಿ ಇತ್ತು. ಅವತ್ತು ಅಣ್ಣನ ಮಗಳು ಆಫೀಸಲ್ಲಿ ಅತ್ತಳಂತೆ. ಆಕೆ ವೋಟು ಹಾಕಿದ್ದೇ ಇಲ್ಲ, ಪಾಸ್‌ಪೋರ್ಟ್ ಇನ್ನೂ ಇಂಡಿಯಾದ್ದು.

ಆ ಕಾರಣ ಹೇಳ್ತೀನಿ ಅಂದಿದ್ದೆ ಅಲ್ವಾ. ತಡೀರಿ, ಹುಣಸೆಹಣ್ಣಿನ ಪಟ್ಟು ಒಣಗಿ ಚರ್ಮ ಎಳೀತಿದೆ, ಬಿಸಿನೀರು ಒಲೆ ಮೇಲಿದೆ. ಹೊರಗಡೆ ಡಬಕ್ ಅಂತು, ಯಾರೋ ಬಂದ್ರು ಅನ್ಸತ್ತೆ.