ಮುಖ ಕಾಣ್ತಿಲ್ಲವಂತೆ!

"52 ಅಲ್ಲ ಸಾರ್, 51 ಇಸ್ಪೀಟ್ ಎಲೆ. ಕಳಾವರ್ ಎರಡರ ಎಲೆ ಕಳೆದುಹೋಗಿದೆ, ಅದರ ಬದಲಿಗೆ ಈ ಕ್ಯಾಲೆಂಡರ್ ರಟ್ಟು." ಪಂಚನಾಮೆ ಬರೆಯುತ್ತಿದ್ದ ಪೊಲೀಸರನ್ನು ಹೀಗೆ ತಿದ್ದಿದ್ದು ಬೇರೆ ಯಾರೂ ಅಲ್ಲ, ನಾನೇ. ನನ್ನ ಕೇಸಿಗೆ ನಾನೇ ಸಾಕ್ಷಿ ಹೇಳಿ ಬಂದಿದ್ದೇನೆ.

ನಿನ್ನೆಯಿಂದ ಊಟ ಸೇರುತ್ತಿಲ್ಲ. ಜೀಪು ಹತ್ತಿಸಿದ್ದಕ್ಕೆ ಬೇಜಾರಿಲ್ಲ. ಪಾಡ್ಯದ ದಿನ ಅರಳಿಕಟ್ಟೆ ಮೇಲೆ ದುಡ್ಡಿಟ್ಟು ಅಂದರ್ ಬಾಹರ್ ಆಡಿದ್ದು ನಿಜ. ಆದರೆ ಆ ಫೋಟೋ! ಟೇಬಲ್ ಮೇಲೆ ಎಲೆ ಹರಡಿದರು. ಪಕ್ಕದಲ್ಲಿ ನಮ್ಮ 1,340 ರೂಪಾಯಿ. ಹತ್ತರ ನೋಟುಗಳನ್ನು ಬೀಸಣಿಗೆ ತರ ಬಿಡಿಸಿಟ್ಟರು, ಜಾಸ್ತಿ ಕಾಣಲಿ ಅಂತ. ಹಿಂದೆ ನಾವು ಐದು ಜನ. ನಾನು ಪಕ್ಕದವರ ಹೆಗಲ ಹಿಂದೆ ತಲೆ ಮರೆಸಿಕೊಂಡೆ. "ಯಜಮಾನ್ರೇ, ಸ್ವಲ್ಪ ಎಡಕ್ಕೆ ಬನ್ನಿ, ಮುಖ ಕಾಣ್ತಿಲ್ಲ" ಅಂದರು. ಬಂದೆ. ಬಂದವನು ಕ್ಯಾಮೆರಾ ನೋಡಿ ಅಭ್ಯಾಸಕ್ಕೆ ನಕ್ಕುಬಿಟ್ಟಿದ್ದೇನೆ! ಮದುವೆ ಆಲ್ಬಮ್ಮಿನಲ್ಲೂ ನಾನು ಅಷ್ಟು ಚೆನ್ನಾಗಿ ನಕ್ಕಿಲ್ಲ. ಸಂಜೆಯೊಳಗೆ ಬೀಗರ ಗ್ರೂಪಿಗೂ ಬಂತು.

ಹೋಗಲಿ, ತಪ್ಪು ನಮ್ಮದೇ. ದಂಡ ಕಟ್ಟಿದರಾಯಿತು.

ಆದರೂ ಒಂದು ಕೇಳುತ್ತೇನೆ. ಬೆಂಗಳೂರಲ್ಲಿ ಕುದುರೆ ಮೇಲೆ ಕಟ್ಟಿದರೆ ಅದು ಜಾಣ್ಮೆಯ ಆಟ. 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಗೋವಾದ ಮಾಂಡೋವಿ ನದಿಯಲ್ಲಿ ಕ್ಯಾಸಿನೊ ಹಡಗು ಹತ್ತಿ ಆಡಿದರೆ ಅದಕ್ಕೆ ಸರ್ಕಾರದ್ದೇ ಲೈಸೆನ್ಸು. ನನ್ನ ಭಾವಮೈದುನ ಅಲ್ಲಿ ಇದೇ ಅಂದರ್ ಬಾಹರ್ ಆಡಿ 40,000 ಕಳೆದುಕೊಂಡು ಬಂದ. ಫೋಟೋ ತಾನೇ ಸ್ಟೇಟಸ್ಸಿಗೆ ಹಾಕಿಕೊಂಡ. ಎಲ್ಲರೂ ಹಾರ್ಟ್ ಒತ್ತಿದರು, ನಾನೂ ಒತ್ತಿದೆ.

ದುಡ್ಡು ಕಟ್ಟಿ ಆಡುವ ಮೊಬೈಲ್ ಆಟದ ಕಥೆ ಕೇಳಲೇಬೇಡಿ. 2021ರಲ್ಲಿ ರಾಜ್ಯ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರಲ್ಲಿ ಕೇಂದ್ರದ ಕಾಯ್ದೆ ಬಂತು. ಅದರಲ್ಲಿ ದುಡ್ಡಿನ ಆಟ ಆಡಿಸುವವನಿಗೆ 3 ವರ್ಷದವರೆಗೆ ಜೈಲು, ಆಡಿದವನಿಗೆ ಏನೂ ಇಲ್ಲ. ಅವನು ಪಾಪ, ಮೋಸ ಹೋದವನಂತೆ. ಹಾಗಾದರೆ ಕಟ್ಟೆ ಮೇಲೆ ಕೂತ ನಾನು ಪಾಪ ಅಲ್ವಾ? ನನಗೆ ಮಾತ್ರ 1963ರ ಪೊಲೀಸ್ ಕಾಯ್ದೆ, ಬೀದಿಯಲ್ಲಿ ಜೂಜಾಡಿದ್ದಕ್ಕೆ 87ನೇ ಕಲಂ, ಮೇಲೆ ಫೋಟೋ ಬೇರೆ! ಫೋಟೋ ತೆಗೀಬೇಕು ಅಂತ ಯಾವ ಕಲಮಿನಲ್ಲಿದೆ? ಲಾಯರ್‌ಗಳು ಯಾರಾದರೂ ಇದ್ದರೆ ಹೇಳಿ. ಸುಮ್ನೆ ನಗೋ ಇಮೋಜಿ ಹಾಕಬೇಡಿ, ಬೆಳಗ್ಗೆಯಿಂದ ಅದನ್ನೇ ನೋಡುತ್ತಿದ್ದೇನೆ.

ಹೆಂಡತಿ ರಾತ್ರಿಯೆಲ್ಲ ಮಾತಾಡಲಿಲ್ಲ. ಬೆಳಗ್ಗೆ ಕಾಫಿ ಇಟ್ಟು ಒಂದೇ ಮಾತು ಕೇಳಿದಳು, "ಗೆಲ್ತಾ ಆದ್ರೂ ಇದ್ರಾ?"

ಗೆಲ್ತಿದ್ದೆ ಕಣ್ರೀ. 60 ರೂಪಾಯಿ.